ಬಿ.ಎಡ್. ಇಲ್ಲದೆ ದುಬೈಯಲ್ಲಿ ಪಾಠ

ಪ್ರಶ್ನೆ: ವಯಸ್ಸು 54. ಬೈಂದೂರಿನ ಮನೆಯ ಜಗಲಿಯಲ್ಲಿ ಇಪ್ಪತ್ತು ವರ್ಷದಿಂದ ಗಣಿತದ ಟ್ಯೂಷನ್ ಕೊಡುತ್ತಿದ್ದೇನೆ. ಬಿ.ಎಡ್. ಇಲ್ಲ. ಮಗ ದುಬೈಯಲ್ಲಿದ್ದಾನೆ. ಅಲ್ಲಿ ಪಾಠದ ಕೆಲಸ ಸಿಕ್ಕೀತೇ?

ಉತ್ತರ: ಶಾಲೆಯ ಹುದ್ದೆ ಕಷ್ಟ. ಕೊಲ್ಲಿಯ ಸಿಬಿಎಸ್‌ಇ ಶಾಲೆಗಳು ಸಾಮಾನ್ಯವಾಗಿ ಮೊದಲು ಕೇಳುವುದೇ ಬಿ.ಎಡ್. ಆದರೆ ಜಗಲಿಯ ಪಾಠಕ್ಕೆ ಅಲ್ಲಿ ದಾರಿ ತೆರೆದಿದೆ. 2023ರ ಡಿಸೆಂಬರ್‌ನಲ್ಲಿ ಯುಎಇ ಸರ್ಕಾರ ಖಾಸಗಿ ಟ್ಯೂಷನ್‌ಗೆ ಪರವಾನಗಿ ಕೊಡಲು ಶುರುಮಾಡಿತು. ಶಾಲಾ ಶಿಕ್ಷಕರಷ್ಟೇ ಅಲ್ಲ, ಕೆಲಸವಿಲ್ಲದವರೂ ಅರ್ಜಿ ಹಾಕಬಹುದು. ಶುಲ್ಕವಿಲ್ಲ, ಅವಧಿ 2 ವರ್ಷ. ಅಲ್ಲಿನ ನಿವಾಸ ವೀಸಾ ಮಾತ್ರ ಬೇಕೇ ಬೇಕು. ಮಗನ ಸಂಬಳ ಅಲ್ಲಿನ ನಿಯಮಕ್ಕೆ ಸಾಕಾಗುವಂತಿದ್ದರೆ ಅವನೇ ಮಾಡಿಸಿಕೊಡಬಹುದು. ವಿಸಿಟ್ ವೀಸಾದಲ್ಲಿ ಹೋಗಿ ದುಡ್ಡು ಪಡೆದು ಒಂದು ಮಗುವಿಗೂ ಪಾಠ ಹೇಳಬೇಡಿ, ಅದು ಅಪರಾಧ.

ವಯಸ್ಸಾಯಿತೆಂದು ಕುಗ್ಗಬೇಡಿ. ಮಂದಾರ್ತಿ ಮೇಳದಲ್ಲಿ ಮದ್ದಳೆ ನುಡಿಸಿದ್ದ ಹಿರಿಯಡಕ ಗೋಪಾಲರಾಯರು ಹುಟ್ಟಿದ್ದು 1919ರಲ್ಲಿ. ಶಿಷ್ಯೆ ಮಾರ್ಥಾ ಆಷ್ಟನ್ ಜೊತೆ ಅವರು ಅಮೆರಿಕಕ್ಕೆ ಹೋಗಿ ಯಕ್ಷಗಾನ ಕಲಿಸಿದ್ದು ಐವತ್ತರ ಆಸುಪಾಸಿನಲ್ಲಿ. ಅವರನ್ನು ಕರೆಸಿಕೊಂಡದ್ದು ಅವರ ಬೆರಳುಗಳಲ್ಲಿದ್ದ ವಿದ್ಯೆ.

ಇನ್ನೊಂದು ಮಾತು. ಕುಂದಾಪುರದಲ್ಲೋ ಬ್ರಹ್ಮಾವರದಲ್ಲೋ ಯಾರಾದರೂ ಶಾಲೆ ಕೆಲಸ ಕೊಡಿಸುತ್ತೇನೆಂದು ಲಕ್ಷಗಟ್ಟಲೆ ಕೇಳಿದರೆ ಒಪ್ಪಬೇಡಿ. ನೋಂದಾಯಿತ ಏಜೆಂಟರು ಪಡೆಯಬಹುದಾದ ಸೇವಾಶುಲ್ಕದ ಮಿತಿ 30,000 ರೂಪಾಯಿ, ಮೇಲೆ ಜಿಎಸ್‌ಟಿ. ಕೇಂದ್ರ ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ಅವರ ಹೆಸರಿದೆಯೇ ಎಂದು ನೋಡಿದ ಮೇಲೆಯೇ ಪಾಸ್‌ಪೋರ್ಟ್ ಕೊಡಿ.