ಮರುಕಾಳಗವೂ ದುರ್ಬಲಪಕ್ಷದ ಪಣವೂ

ಒಮ್ಮೆ ಸೋತವನು ಅದೇ ಎದುರಾಳಿಯೊಡನೆ ಮತ್ತೊಮ್ಮೆ ಕಣಕ್ಕಿಳಿದಾಗ ಅವನ ಪಕ್ಷದಲ್ಲಿ ಹಣವೊಡ್ಡುವುದು ವಿವೇಕವೇ ಎಂಬ ಪ್ರಶ್ನೆಗೆ ಮಹಾಭಾರತವು ಎರಡು ಉತ್ತರಗಳನ್ನು ಕೊಟ್ಟಿದೆ. ಸಭಾಪರ್ವದ ಧರ್ಮರಾಯನು ಸರ್ವಸ್ವವನ್ನೂ ಸೋತು, ಧೃತರಾಷ್ಟ್ರನ ಅನುಗ್ರಹದಿಂದ ಎಲ್ಲವನ್ನೂ ಮರಳಿ ಪಡೆದು, ಊರಿನ ಹಾದಿ ಹಿಡಿದಿದ್ದಾಗಲೇ ಪುನಃ ಕರೆಯಿಸಿಕೊಂಡು, ಹನ್ನೆರಡು ವರ್ಷಗಳ ವನವಾಸ ಮತ್ತು ಒಂದು ವರ್ಷದ ಅಜ್ಞಾತವಾಸಗಳನ್ನೇ ಪಣವಾಗಿಟ್ಟು ಅನುದ್ಯೂತವನ್ನಾಡಿ, ಮತ್ತೆ ಸೋತನು. ಆ ವನವಾಸದಲ್ಲಿ ಬೃಹದಶ್ವ ಮಹರ್ಷಿಯು ಆತನಿಗೆ ಹೇಳಿದ ಕಥೆಯ ನಳನಾದರೋ, ಪುಷ್ಕರನಿಗೆ ರಾಜ್ಯವನ್ನು ಸೋತು, ಬಾಹುಕನೆಂಬ ಹೆಸರಿನಿಂದ ಋತುಪರ್ಣನ ಸಾರಥಿಯಾಗಿ, ತಾನು ಬಲ್ಲ ಅಶ್ವಹೃದಯವನ್ನು ಅವನಿಗಿತ್ತು ಅವನಿಂದ ದಾಳದ ವಿದ್ಯೆಯಾದ ಅಕ್ಷಹೃದಯವನ್ನು ಪಡೆದು, ಹಿಂದಿರುಗಿ ಒಂದೇ ಪಣದಲ್ಲಿ ಕಳೆದುದೆಲ್ಲವನ್ನೂ ಗೆದ್ದನು. ಇಬ್ಬರೂ ಸೋತವರೇ, ಆದರೆ ಧರ್ಮರಾಯನ ಎರಡು ಆಟಗಳ ನಡುವೆ ದಾಳವಾಗಲಿ ಎದುರಾಳಿ ಶಕುನಿಯಾಗಲಿ ಆಟಗಾರನ ವಿದ್ಯೆಯಾಗಲಿ ಬದಲಾಗಿರಲಿಲ್ಲ, ನಳನ ಎರಡು ಆಟಗಳ ನಡುವೆ ನಳನೇ ಬದಲಾಗಿದ್ದನು. ಮರುಕಾಳಗವನ್ನು ಕುರಿತ ವಿಚಾರವೆಲ್ಲವೂ ಈ ಅಂತರದಿಂದಲೇ ಆರಂಭವಾಗತಕ್ಕದ್ದು.

ಬಲಾಬಲಗಳ ತಾರತಮ್ಯವನ್ನು ಮೊದಲೇ ತೂಗಿನೋಡುವುದು ಕನ್ನಡನಾಡಿಗೆ ಹೊಸತಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಮಲ್ಲವಿನೋದ ಪ್ರಕರಣದಲ್ಲಿ ಜಟ್ಟಿಗಳನ್ನು ತರಗತಿಗಳಾಗಿ ವಿಂಗಡಿಸಿದ್ದಾನೆ, ಮೈಸೂರು ದಸರೆಯ ನಾಡಕುಸ್ತಿಗೆ ಮುನ್ನ ಪೈಲ್ವಾನರ ಮೈಕಟ್ಟು, ತೂಕ, ಅನುಭವಗಳನ್ನು ನೋಡಿ ‘ಜೋಡಿ ಕಟ್ಟುವ’ ಪದ್ಧತಿ ಇಂದಿಗೂ ಉಂಟು. ಶಿವಮೊಗ್ಗದ ಕೋಟೆ ಮಾರಿಕಾಂಬೆಯ ಜಾತ್ರೆಯಲ್ಲಿ ಅಖಾಡದ ಸುತ್ತ ನೆರೆಯುವ ಮಲೆನಾಡಿನ ಪ್ರೇಕ್ಷಕರು, ಜೋಡಿ ಸರಿಯಾಗಿದೆಯೋ ಇಲ್ಲವೋ ಎಂಬುದನ್ನು ಮೊದಲ ಪಟ್ಟು ಬೀಳುವ ಮುನ್ನವೇ ಹೇಳಬಲ್ಲರು. ಆದರೆ ಹೊಸನಗರ ತಾಲ್ಲೂಕಿನ ರಿಪ್ಪನ್‌ಪೇಟೆಯಲ್ಲಿ ಕುಳಿತ ತರುಣನು ತನ್ನ ಮೊಬೈಲಿನಲ್ಲಿ ಅಮೆರಿಕದ ಯುಎಫ್‌ಸಿ ಸಂಸ್ಥೆಯ ಮಿಶ್ರ ಸಮರಕಲೆಯ ಕಾಳಗವನ್ನು ನೋಡುವಾಗ ಅವನಿಗೆ ತೋರುವುದು ಜೋಡಿಯ ಯೋಗ್ಯತೆಗಿಂತ ಮೊದಲು ಅದರ ಬೆಲೆ: ಪ್ರಬಲನೆನಿಸಿದವನಿಗೆ ಇಷ್ಟು, ದುರ್ಬಲನೆನಿಸಿದವನಿಗೆ ಇಷ್ಟು ಎಂಬ ದರ.

ಆ ದರದ ಅರ್ಥವನ್ನು ಉದಾಹರಣೆಯಿಂದ ತಿಳಿಯಬಹುದು. ಪ್ರಬಲನ ಮೇಲೆ 100 ರೂಪಾಯಿ ಒಡ್ಡಿ ಗೆದ್ದರೆ ಅಸಲೂ ಸೇರಿ 140 ರೂಪಾಯಿ, ದುರ್ಬಲನ ಮೇಲೆ ಒಡ್ಡಿ ಗೆದ್ದರೆ 300 ರೂಪಾಯಿ ಬರುವುದೆಂದು ಭಾವಿಸೋಣ. ನೂರನ್ನು ನೂರನಲವತ್ತರಿಂದ ಭಾಗಿಸಿದರೆ ಪ್ರಬಲನ ಗೆಲುವಿನ ಸಂಭಾವ್ಯತೆ ಶೇಕಡಾ 71.4 ಎಂದೂ, ಮುನ್ನೂರರಿಂದ ಭಾಗಿಸಿದರೆ ದುರ್ಬಲನದು ಶೇಕಡಾ 33.3 ಎಂದೂ ದರವೇ ಹೇಳಿದಂತಾಗುತ್ತದೆ. ಇವೆರಡರ ಮೊತ್ತ 100 ಆಗದೆ ಸುಮಾರು 104.8 ಆಗುವುದು ಲೆಕ್ಕದ ದೋಷವಲ್ಲ. ಬುಕ್ಕಿಯ ಲಾಭವು ಆ ಹೆಚ್ಚಳದಲ್ಲಿಯೇ ಅಡಗಿರುತ್ತದೆ. ಯಾರು ಗೆದ್ದರೂ 1,000 ರೂಪಾಯಿ ಕೈಗೆ ಬರಬೇಕೆಂದು ಇಬ್ಬರ ಮೇಲೆಯೂ ಹಣ ಹೂಡುವವನು ಸುಮಾರು 1,048 ರೂಪಾಯಿಗಳನ್ನು ತೆರಬೇಕಾಗುವುದು. ದುರ್ಬಲನ ಮೇಲೆ ನೂರು ಸಲ ನೂರು ನೂರರಂತೆ ಒಡ್ಡುವವನು 34 ಸಲ ಗೆದ್ದರೆ ಮಾತ್ರ 10,200 ರೂಪಾಯಿ ಪಡೆದು ಅಲ್ಪಲಾಭವನ್ನು ಕಾಣುವನು. 32 ಸಲ ಗೆದ್ದರೆ 400 ರೂಪಾಯಿ ನಷ್ಟವನ್ನು ಹೊರುವನು.

ಹಾಗಿದ್ದರೂ ಮರುಕಾಳಗದಲ್ಲಿ ದುರ್ಬಲಪಕ್ಷಕ್ಕೆ ವಿಶೇಷ ಆಕರ್ಷಣೆಯೊಂದುಂಟು. ಸಾಮಾನ್ಯ ಕಾಳಗವೆಂದರೆ ಐದೈದು ನಿಮಿಷಗಳ ಮೂರು ಸುತ್ತು, ಪಟ್ಟಕ್ಕಾಗಿ ನಡೆಯುವುದಾದರೆ ಐದು ಸುತ್ತು. ಇಷ್ಟು ಅಲ್ಪಕಾಲದಲ್ಲಿ, ಒಂದೇ ಒದೆತದಿಂದ ಎಲ್ಲವೂ ಮುಗಿಯಬಲ್ಲ ಆಟದಲ್ಲಿ, ಒಂದು ಫಲಿತಾಂಶವು ಯೋಗ್ಯತೆಯನ್ನು ಪೂರ್ಣವಾಗಿ ಅಳೆಯಲಾರದು. 2022ರ ಆಗಸ್ಟ್ 20ರಂದು ಸಾಲ್ಟ್ ಲೇಕ್ ಸಿಟಿಯಲ್ಲಿ, ಅದುವರೆಗಿನ ಅಂಕಗಳಲ್ಲಿ ಹಿಂದೆ ಬಿದ್ದಿದ್ದ ಲಿಯಾನ್ ಎಡ್ವರ್ಡ್ಸ್ ಐದನೆಯ ಸುತ್ತಿನ ಕೊನೆಯ ನಿಮಿಷದಲ್ಲಿ ತಲೆಗೆ ಬೀಸಿದ ಒದೆತದಿಂದ ಚಾಂಪಿಯನ್ ಕಮರು ಉಸ್ಮಾನನನ್ನು ಕೆಡವಿದನು. ಏಳು ವರ್ಷಗಳ ಹಿಂದೆ ಇದೇ ಉಸ್ಮಾನನಿಗೆ ಆತ ಸೋತಿದ್ದನು. ಎಡ್ವರ್ಡ್ಸ್‌ನ ಗೆಲುವನ್ನು ಆಕಸ್ಮಿಕವೆಂದು ಬಗೆದ ಪಣಿಗರು 2023ರ ಮಾರ್ಚಿನಲ್ಲಿ ಲಂಡನ್ನಿನಲ್ಲಿ ನಡೆದ ಮೂರನೆಯ ಕಾಳಗದಲ್ಲಿಯೂ, ಪಟ್ಟವು ಎಡ್ವರ್ಡ್ಸ್‌ನಲ್ಲಿದ್ದರೂ, ಅವನನ್ನೇ ದುರ್ಬಲನೆಂದೆಣಿಸಿದರು. ಆತ ತೀರ್ಪುಗಾರರ ಬಹುಮತದಿಂದ ಪುನಃ ಗೆದ್ದನು. ಕ್ರಿಸ್ ವೈಡ್‌ಮನ್ ಕೂಡ 2013ರ ಜುಲೈಯಲ್ಲಿ ಆಂಡರ್ಸನ್ ಸಿಲ್ವನನ್ನು ಸೋಲಿಸಿದ ಮೇಲೆಯೂ ಅದೇ ಡಿಸೆಂಬರಿನ ಮರುಕಾಳಗದಲ್ಲಿ ದುರ್ಬಲಪಕ್ಷವಾಗಿಯೇ ಇದ್ದು, ಮತ್ತೆ ಜಯಶಾಲಿಯಾದನು.

ಇವೆರಡನ್ನೇ ನೋಡಿದವನು ದುರ್ಬಲಪಕ್ಷವೇ ಲಾಭಕರವೆಂದು ತೀರ್ಮಾನಿಸಬಹುದಾಗಿತ್ತು. ಆದರೆ 2007ರ ಏಪ್ರಿಲ್‌ನಲ್ಲಿ ಯಾರೂ ಎಣಿಸದಿದ್ದ ರೀತಿಯಲ್ಲಿ ಜಾರ್ಜ್ ಸೇಂಟ್ ಪಿಯರನನ್ನು ಸೋಲಿಸಿದ ಮ್ಯಾಟ್ ಸೆರಾ ಮರುವರ್ಷ ಮಾಂಟ್ರಿಯಾಲಿನಲ್ಲಿ ಎರಡನೆಯ ಸುತ್ತಿನಲ್ಲಿಯೇ ಪರಾಜಿತನಾದನು. 2021ರ ಡಿಸೆಂಬರಿನಲ್ಲಿ ಅಮಾಂಡಾ ನೂನೆಸ್‌ಳನ್ನು ಸೋಲಿಸಿದ ಜೂಲಿಯಾನಾ ಪೆನ್ಯಾ 2022ರ ಜುಲೈಯಲ್ಲಿ ಅವಳಿಗೇ ಪಟ್ಟವನ್ನೊಪ್ಪಿಸಿದಳು. ನಾಲ್ವರೂ ಹಿಂದಿನ ಕಾಳಗದಲ್ಲಿ ಗೆದ್ದವರು, ನಾಲ್ವರೂ ಮರುಕಾಳಗದಲ್ಲಿ ದುರ್ಬಲರೆನಿಸಿದವರು. ಇಬ್ಬರು ಉಳಿದರು, ಇಬ್ಬರು ಬಿದ್ದರು. ನೆನಪಿನಲ್ಲಿ ನಿಂತ ನಾಲ್ಕು ದೃಷ್ಟಾಂತಗಳಿಂದ ನಿಯಮವನ್ನು ಕಟ್ಟಲಾಗದೆಂಬುದಕ್ಕೆ ಇದೇ ಸಾಕ್ಷಿ. ಅಪೂರ್ವ ಸಾಧನೆಯ ಬಳಿಕ ಮುಂದಿನ ಫಲವು ಸಾಮಾನ್ಯವಾಗಿ ಸರಾಸರಿಯತ್ತ ಬಾಗುವುದೆಂಬ ತತ್ತ್ವವನ್ನು ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ ಎತ್ತರದ ವಂಶಾನುಗತಿಯನ್ನು ಅಳೆಯುತ್ತ ನಿರೂಪಿಸಿದನು. ಸೆರಾನ ಸೋಲಿಗೆ ಅದು ಒಪ್ಪುತ್ತದೆ, ಎಡ್ವರ್ಡ್ಸ್‌ನ ಗೆಲುವಿಗೆ ಒಪ್ಪುವುದಿಲ್ಲ. ಏಕೆಂದರೆ ಯಾವುದು ಅಪೂರ್ವ, ಯಾವುದು ಹೊಸ ಯೋಗ್ಯತೆಯ ಉದಯ ಎಂಬುದನ್ನು ಒಂದೇ ಕಾಳಗವು ಹೇಳಲಾರದು.

ಆದಕಾರಣ ನಡುವಣ ಕಾಲದಲ್ಲಿ ಬದಲಾದುದೇನೆಂದು ಕೇಳಬೇಕು. 1910ರ ಸೆಪ್ಟೆಂಬರಿನಲ್ಲಿ ಲಂಡನ್ನಿನಲ್ಲಿ ಗಾಮಾ ಪೈಲ್ವಾನನೆದುರು ನೆಲವನ್ನಪ್ಪಿ ಮಲಗಿ ಎರಡೂವರೆ ಗಂಟೆಗೂ ಮಿಗಿಲಾಗಿ ಸೋಲನ್ನು ತಪ್ಪಿಸಿಕೊಂಡ ಪೋಲೆಂಡಿನ ಮಲ್ಲ ಜ್ಬಿಸ್ಕೊ, 1928ರಲ್ಲಿ ಪಟಿಯಾಲದ ಅಖಾಡದಲ್ಲಿ ಅವನೆದುರೇ ಒಂದು ನಿಮಿಷವೂ ನಿಲ್ಲಲಿಲ್ಲ. ಹದಿನೆಂಟು ವರ್ಷಗಳು ಸಂದಿದ್ದುವು, ಚಾಪೆಯ ಬದಲಿಗೆ ಮಣ್ಣಿತ್ತು. ವಯಸ್ಸು, ಗಾಯ, ಗುರು, ಕಣ, ತೂಕ ಇಳಿಸಿದ ಶ್ರಮ, ಮೊದಲ ಸೋಲು ಪೆಟ್ಟಿನಿಂದಾಯಿತೋ ಪಟ್ಟಿನಿಂದಾಯಿತೋ ಎಂಬುದು, ಇವೇ ವಿಚಾರಾರ್ಹವಾದ ಅಂಶಗಳು.

ಆದರೆ ಈ ಜ್ಞಾನವು ಒಬ್ಬನ ಸೊತ್ತಲ್ಲ. ಅಡಿಕೆಗೆ ಕೊಳೆರೋಗ ಬಿದ್ದಿತೆಂಬ ಸುದ್ದಿ ತೋಟದವನ ಕಿವಿಗೆ ಮುಟ್ಟುವಷ್ಟರಲ್ಲಿ ಶಿವಮೊಗ್ಗದ ಮಂಡಿಯಲ್ಲಿ ರಾಶಿ ಇಡಿ ಅಡಿಕೆಯ ಧಾರಣೆ ಹೇಗೆ ಅದನ್ನು ಒಳಗೊಂಡುಬಿಟ್ಟಿರುತ್ತದೆಯೋ, ಹಾಗೆಯೇ ಮಲ್ಲನು ಗುರುವನ್ನು ಬದಲಿಸಿದನೆಂಬ ವಾರ್ತೆ ಪ್ರೇಕ್ಷಕನನ್ನು ತಲುಪುವ ಮುನ್ನ ದರದೊಳಗೆ ಸೇರಿರುತ್ತದೆ. ಇದಕ್ಕೆ ಮೇಲಾಗಿ, ಜನರು ದೂರದ ಆಸೆಗೆ ಸೋತು ದುರ್ಬಲಪಕ್ಷವನ್ನು ಅದರ ಯೋಗ್ಯತೆಗೆ ಮೀರಿದ ಬೆಲೆಗೆ ಕೊಳ್ಳುವರೆಂಬುದನ್ನು ಆರ್. ಎಂ. ಗ್ರಿಫಿತ್ 1949ರಷ್ಟು ಹಿಂದೆಯೇ ಕುದುರೆಜೂಜಿನ ದರಗಳಲ್ಲಿ ತೋರಿಸಿದ್ದನು. ನಳನಿಗಿದ್ದ ಅನುಕೂಲವು ಅಕ್ಷಹೃದಯವೊಂದೇ ಅಲ್ಲ. ಅವನು ಅದನ್ನು ಕಲಿತನೆಂಬುದು ಪುಷ್ಕರನಿಗೆ ತಿಳಿಯದಿದ್ದುದೂ ಅಷ್ಟೇ ದೊಡ್ಡ ಅನುಕೂಲ.

ಕಡೆಯದಾಗಿ ಕಾಯಿದೆಯ ಮಾತು. ಪಣದ ಒಪ್ಪಂದವು ಶೂನ್ಯವೆಂದು 1872ರ ಭಾರತೀಯ ಕರಾರು ಕಾಯಿದೆಯ 30ನೆಯ ಪ್ರಕರಣ ಹೇಳುತ್ತದೆ. ಆನ್‌ಲೈನ್ ಪಣವನ್ನು ನಿಷೇಧಿಸಲು ಕರ್ನಾಟಕವು 2021ರಲ್ಲಿ ಪೊಲೀಸ್ ಕಾಯಿದೆಗೆ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು ಉಚ್ಚ ನ್ಯಾಯಾಲಯವು 2022ರ ಫೆಬ್ರವರಿಯಲ್ಲಿ ರದ್ದುಗೊಳಿಸಿದರೂ, 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯಿದೆಯು, ಕೌಶಲವೋ ಅದೃಷ್ಟವೋ ಎಂಬ ಭೇದವನ್ನೆಣಿಸದೆ, ಹಣವೊಡ್ಡಿ ಆಡುವ ಆಟಗಳನ್ನು ನಡೆಸುವವರಿಗೆ ಮೂರು ವರ್ಷಗಳವರೆಗಿನ ಸೆರೆವಾಸವನ್ನೂ ಒಂದು ಕೋಟಿ ರೂಪಾಯಿಗಳವರೆಗಿನ ದಂಡವನ್ನೂ ವಿಧಿಸಿತು. ಆದ್ದರಿಂದ ಯಾವುದೋ ಪರದೇಶದ ಆ್ಯಪಿನಲ್ಲಿ ಗೆದ್ದ ಹಣವನ್ನು ಕೊಡದೆ ಹೋದರೆ ಹೊಸನಗರದ ನ್ಯಾಯಾಲಯವೂ ಅದನ್ನು ವಸೂಲು ಮಾಡಿಕೊಡಲಾರದು. ಮೇಲಿನ ಲೆಕ್ಕಕ್ಕೆ ಇದನ್ನೂ ಸೇರಿಸಿ ನೋಡಬೇಕು: ಇಪ್ಪತ್ತು ಗೆಲುವುಗಳಲ್ಲಿ ಒಂದರ ಹಣ ಕೈಸೇರದೆ ಹೋದರೆ, ನೂರಕ್ಕೆ 34ರ ಬದಲು 36 ಗೆಲುವುಗಳು ಬೇಕಾಗುತ್ತವೆ, ದುರ್ಬಲಪಕ್ಷವನ್ನು ಎಷ್ಟು ಜಾಣತನದಿಂದ ಆರಿಸಿದರೂ ಆ ಎರಡನ್ನು ಗೆದ್ದುಕೊಡುವುದು ಕಣದಲ್ಲಿರುವ ಮಲ್ಲನ ಕೈಯಲ್ಲಿಲ್ಲ.