ಕೊಡಚಾದ್ರಿಯ ಏರಿನಲ್ಲಿ ಭೌತವಿಜ್ಞಾನ

ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳೂ ಮಳೆಯ ಸೀಮೆಗೆ ಸೇರಿದವು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅದೇ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿಯು ಹೊಸನಗರದ ಸೀಮೆಯನ್ನು ಹಾದು, ಸಾಗರ ತಾಲ್ಲೂಕಿನ ಲಿಂಗನಮಕ್ಕಿ ಅಣೆಕಟ್ಟಿನ ಹಿಂದೆ ಸಮುದ್ರದಂತೆ ಹರಡಿಕೊಳ್ಳುತ್ತದೆ. ಮಳೆಗಾಲದಲ್ಲಿ ಇಲ್ಲಿಯ ಬೆಟ್ಟಗಳನ್ನು ಏರುವುದೆಂದರೆ ಜಾರುವ ಹಾದಿ, ಕಣ್ಣು ಕಾಣಿಸದ ಮಂಜು, ಜೊತೆಗೆ ಉಂಬಳಗಳ ಕಾಟ. ಆದುದರಿಂದ ಪರೀಕ್ಷೆ ಮುಗಿಸಿದ ವಿದ್ಯಾರ್ಥಿಗಳು ಬೇಸಿಗೆಯ ರಜೆಯನ್ನೇ ಇದಕ್ಕೆ ಆರಿಸಿಕೊಳ್ಳುವುದು ಸಹಜ. ಆದರೆ ಬೇಸಿಗೆಗೂ ತನ್ನದೇ ಆದ ಅಪಾಯಗಳುಂಟು. ಅವು ಯಾವುವೆಂಬುದನ್ನು ಒಂದು ಮೇ ತಿಂಗಳಿನಲ್ಲಿ ನಾವು ಕೊಡಚಾದ್ರಿಯ ಮೇಲೆ ಕಲಿತೆವು.

ಹೊಸನಗರ ತಾಲ್ಲೂಕಿನಲ್ಲಿರುವ ಕೊಡಚಾದ್ರಿಯ ಎತ್ತರ ಸಮುದ್ರಮಟ್ಟದಿಂದ 1,343 ಮೀಟರು. ಮೂಲಮೂಕಾಂಬಿಕೆಯ ದೇವಸ್ಥಾನ ಶಿಖರಕ್ಕಿಂತ ಕೆಳಗಿದೆ. ಅಲ್ಲಿಯವರೆಗೆ ಜೀಪುಗಳು ಕಷ್ಟಪಟ್ಟು ಏರುತ್ತವೆ. ಅದರಿಂದಾಚೆ ಕಾಲ್ನಡಿಗೆಯೇ. ತುದಿಯಲ್ಲಿರುವುದು ಸರ್ವಜ್ಞಪೀಠವೆಂದು ಹೆಸರಾದ ಸಣ್ಣ ಕಲ್ಲಿನ ಮಂಟಪ. ನಾವು ಏಳು ಮಂದಿ ಬುಡದಿಂದಲೇ ನಡೆದು ಹೋಗುವುದೆಂದು ನಿಶ್ಚಯಿಸಿದೆವು.

ಹೊರಡುವ ಹಿಂದಿನ ದಿನ ಎಲ್ಲರ ಚೀಲಗಳನ್ನೂ ತೂಗಿದೆವು. ಒಬ್ಬ ವಿದ್ಯಾರ್ಥಿಯ ಚೀಲ 10 ಕಿಲೊಗ್ರಾಂ ತೂಗಿತು. “ಎರಡು ಕಿಲೊ ಇಳಿಸಿಕೊಳ್ಳಪ್ಪ” ಎಂದೆ. ಅವನು ಇಳಿಸಿದ. ಆದರೆ ಏನನ್ನು ಇಳಿಸಿದನೆಂದು ನಾನು ಕೇಳಲಿಲ್ಲ. ಅದು ನನ್ನ ತಪ್ಪು.

ಬೆಟ್ಟ ಏರುವವನು ಮಾಡುವ ಕೆಲಸವನ್ನು ಲೆಕ್ಕ ಹಾಕುವುದು ಸುಲಭ. 60 ಕಿಲೊಗ್ರಾಂ ತೂಕದ ಹುಡುಗ 8 ಕಿಲೊಗ್ರಾಂ ಚೀಲವನ್ನು ಹೊತ್ತು 700 ಮೀಟರು ಮೇಲೇರುತ್ತಾನೆಂದು ಭಾವಿಸೋಣ. ಒಟ್ಟು 68 ಕಿಲೊಗ್ರಾಮನ್ನು ಗುರುತ್ವ ವೇಗೋತ್ಕರ್ಷವಾದ 9.8ರಿಂದಲೂ ಎತ್ತರದಿಂದಲೂ ಗುಣಿಸಿದರೆ ಸುಮಾರು 4.7 ಲಕ್ಷ ಜೂಲ್ ದೊರೆಯುತ್ತದೆ. ಇದರಲ್ಲಿ ಚೀಲದ ಪಾಲು ಸುಮಾರು 55 ಸಾವಿರ ಜೂಲ್ ಮಾತ್ರ.

ಆದರೆ ಲೆಕ್ಕ ಇಲ್ಲಿಗೆ ಮುಗಿಯಲಿಲ್ಲ. ನಮ್ಮ ಸ್ನಾಯುಗಳು ಬಳಸುವ ಶಕ್ತಿಯಲ್ಲಿ ಸುಮಾರು ಐದರಲ್ಲೊಂದು ಪಾಲು ಮಾತ್ರ ಇಂತಹ ಕೆಲಸವಾಗಿ ಪರಿಣಮಿಸುತ್ತದೆ, ಉಳಿದುದೆಲ್ಲ ಶಾಖ. ಅಂದರೆ 4.7 ಲಕ್ಷ ಜೂಲ್ ಕೆಲಸಕ್ಕೆ ಸುಮಾರು 23 ಲಕ್ಷ ಜೂಲ್ ಶಕ್ತಿ ಬೇಕು, ಅದರಲ್ಲಿ ಸುಮಾರು 18 ಲಕ್ಷ ಜೂಲ್ ಶಾಖವಾಗಿ ದೇಹದಿಂದ ಹೊರಹೋಗಬೇಕು. ಹಾಗೆ ಹೋಗದಿದ್ದರೆ ದೇಹವೇ ಬಿಸಿಯೇರುತ್ತದೆ. ಬೇಸಿಗೆಯಲ್ಲಿ ಈ ಶಾಖವನ್ನು ಸಾಗಿಸುವ ಮುಖ್ಯ ಸಾಧನವೆಂದರೆ ಬೆವರು. ಒಂದು ಲೀಟರು ಬೆವರು ಪೂರ್ಣವಾಗಿ ಆವಿಯಾದರೆ ಸುಮಾರು 24 ಲಕ್ಷ ಜೂಲ್ ಶಾಖವನ್ನು ಒಯ್ಯುತ್ತದೆ. ಈ ಲೆಕ್ಕದಂತೆ ಮುಕ್ಕಾಲು ಲೀಟರು ಸಾಕೆಂದು ತೋರಬಹುದು. ಆದರೆ ಪಡುವಣ ಕಡಲಿನಿಂದ ಬರುವ ಗಾಳಿಯಲ್ಲಿ ಆಗಲೇ ನೀರಾವಿ ತುಂಬಿರುವುದರಿಂದ ಬೆವರು ಬೇಗ ಆರುವುದಿಲ್ಲ. ಆರದೆ ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರು ನೀರನ್ನೂ ಉಪ್ಪನ್ನೂ ಕಳೆಯುವುದೇ ಹೊರತು ದೇಹವನ್ನು ತಂಪುಗೊಳಿಸುವುದಿಲ್ಲ. ಆದುದರಿಂದ ಮಲೆನಾಡಿನ ಏರಿಗೆ ಲೆಕ್ಕದ ಎರಡು ಮೂರು ಪಟ್ಟು ನೀರು ಬೇಕು.

ನಮ್ಮ ಬಸ್ಸು ತಡವಾಗಿ, ಏಳು ಗಂಟೆಗೆ ಆರಂಭವಾಗಬೇಕಿದ್ದ ನಡಿಗೆ ಒಂಬತ್ತೂವರೆಗೆ ಆರಂಭವಾಯಿತು. ಹಿಡ್ಲುಮನೆ ಜಲಪಾತದ ಬಳಿ ಬಂಡೆಯ ಮೇಲೆ ತೆಳುವಾಗಿ ನೀರು ಇಳಿಯುತ್ತಿತ್ತು. ಕಾಡಿನ ನೆರಳು ಮುಗಿದು ಹುಲ್ಲುಗಾವಲಿನ ಬೋಳುಗುಡ್ಡ ಬಂದಿತು. ಅಲ್ಲಿ ಆ ಹುಡುಗ ತಲೆ ಸುತ್ತುತ್ತಿದೆಯೆಂದು ಕುಳಿತುಬಿಟ್ಟ. ಮುಖ ಬಿಳಿಚಿಕೊಂಡಿತ್ತು, ಮೈ ಬೆವರಿನಿಂದ ತೊಯ್ದಿತ್ತು. ವಿಚಾರಿಸಿದಾಗ, ಚೀಲದಿಂದ ಅವನು ತೆಗೆದದ್ದು ಎರಡು ಲೀಟರಿನ ನೀರಿನ ಸೀಸೆಯೆಂದು ತಿಳಿಯಿತು. “ದಾರಿಯಲ್ಲಿ ಹೊಳೆ ಸಿಗುತ್ತದೆ ಅಂದುಕೊಂಡೆ ಸಾರ್” ಎಂದ. ಅವನನ್ನು ಹಿಂದಕ್ಕೆ ಕಾಡಿನ ನೆರಳಿಗೆ ಕರೆದುಕೊಂಡು ಹೋಗಿ, ಅಂಗಿ ಸಡಿಲಿಸಿ, ಗಾಳಿ ಬೀಸಿ, ಉಪ್ಪು ಸಕ್ಕರೆ ಬೆರೆಸಿದ ನೀರನ್ನು ಗುಟುಕು ಗುಟುಕಾಗಿ ಕುಡಿಸಿದೆವು. ಅವನು ಚೇತರಿಸಿಕೊಳ್ಳಲು ಒಂದು ಗಂಟೆ ಹಿಡಿಯಿತು.

ಹೀಗಾಗಿ ದೇವಸ್ಥಾನವನ್ನು ದಾಟಿ ಶಿಖರದ ಕೊನೆಯ ಏರನ್ನು ಹಿಡಿದಾಗ ಎರಡು ಗಂಟೆ ಮೀರಿತ್ತು. ಮಂಟಪ ಕಣ್ಣಿಗೆ ಕಾಣುತ್ತಿತ್ತು. ಆಗಲೇ ಪೂರ್ವದಲ್ಲಿ ಹೂಕೋಸಿನಂತೆ ಉಬ್ಬಿದ ಮೋಡವೊಂದು ನೋಡನೋಡುತ್ತಿದ್ದಂತೆ ಕಪ್ಪಾಯಿತು.

ಇಂತಹ ಮೋಡವನ್ನು ಕಟ್ಟುವವನು ಸೂರ್ಯನೇ. ಬೆಳಗಿನಿಂದ ಕಾದ ಇಳಿಜಾರುಗಳು ತಮ್ಮ ಮೇಲಿನ ಗಾಳಿಯನ್ನು ಕಾಯಿಸುತ್ತವೆ. ಕಾದ ಗಾಳಿ ಹಗುರವಾಗಿ ಮೇಲೇರುತ್ತದೆ. ಏರಿದಂತೆ ಒತ್ತಡ ಕಡಿಮೆಯಾಗಿ ಹಿಗ್ಗುತ್ತದೆ. ಹಿಗ್ಗಿದಂತೆ ಒಂದು ಕಿಲೊಮೀಟರಿಗೆ ಸುಮಾರು 10 ಡಿಗ್ರಿಯಂತೆ ತಣಿಯುತ್ತದೆ. ಒಂದು ಎತ್ತರದಲ್ಲಿ ನೀರಾವಿಯು ಹನಿಗಟ್ಟಿ ತನ್ನ ಗುಪ್ತೋಷ್ಣವನ್ನು ಬಿಟ್ಟುಕೊಡುತ್ತದೆ. ಬೆವರು ಆವಿಯಾಗುವಾಗ ನಮ್ಮ ಮೈಯಿಂದ ಒಯ್ದದ್ದು ಇಂತಹುದೇ ಶಾಖವನ್ನು! ಆ ಶಾಖದಿಂದ ಗಾಳಿ ಇನ್ನೂ ಮೇಲಕ್ಕೆ ನುಗ್ಗಿ, ಮೋಡ 10 ಕಿಲೊಮೀಟರಿಗೂ ಹೆಚ್ಚು ಎತ್ತರಕ್ಕೆ ಬೆಳೆಯಬಲ್ಲುದು. ಅದರೊಳಗೆ ಹಿಮದ ಹರಳುಗಳೂ ಆಲಿಕಲ್ಲಿನ ಕಣಗಳೂ ಒಂದಕ್ಕೊಂದು ತಾಗಿ ವಿದ್ಯುದಾವೇಶಗಳು ಬೇರ್ಪಡುತ್ತವೆ. ಮುಂದಿನದು ಮಿಂಚು. ಈ ಕ್ರಿಯೆಗೆ ಹಲವು ಗಂಟೆಗಳ ಬಿಸಿಲು ಬೇಕಾದುದರಿಂದಲೇ ಬೇಸಿಗೆಯ ಗುಡುಗುಮಳೆ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಬರುತ್ತದೆ.

ಮಿಂಚು ಹೊಳೆಯಿತು. ಗಡಿಯಾರ ನೋಡುತ್ತ ಎಣಿಸಿದೆವು: ಇಪ್ಪತ್ತನಾಲ್ಕು ಸೆಕೆಂಡುಗಳಾದ ಮೇಲೆ ಗುಡುಗು ಕೇಳಿಸಿತು. ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರು ಚಲಿಸುವುದರಿಂದ ಮೂರು ಸೆಕೆಂಡಿಗೆ ಒಂದು ಕಿಲೊಮೀಟರಿನ ಲೆಕ್ಕ. ಮಿಂಚು ಎಂಟು ಕಿಲೊಮೀಟರು ದೂರದಲ್ಲಿತ್ತು. ದೂರವೆಂದು ಹುಡುಗರಿಗೆ ಅನ್ನಿಸಿತು. “ಇನ್ನು ಕಾಲು ಗಂಟೆಯ ದಾರಿ ಸಾರ್, ಓಡಿ ಹೋಗಿ ಬಂದುಬಿಡೋಣ” ಎಂದರು. ಆದರೆ ಒಂದು ಸಿಡಿಲಿಗೂ ಮುಂದಿನದಕ್ಕೂ ನಡುವೆ ಹತ್ತು ಕಿಲೊಮೀಟರು ಅಂತರ ಅಸಾಧ್ಯವೇನಲ್ಲ. ಎಣಿಕೆ ಮೂವತ್ತು ಸೆಕೆಂಡಿಗಿಂತ ಕಡಿಮೆಯಾದೊಡನೆ ಆಶ್ರಯ ಸೇರಬೇಕು, ಕೊನೆಯ ಗುಡುಗಿನ ಬಳಿಕ ಅರ್ಧ ಗಂಟೆ ಹೊರಬರಬಾರದು ಎಂಬುದು ಹವಾವಿಜ್ಞಾನಿಗಳ ನಿಯಮ. ಸಿಡಿಲು ಎತ್ತರದ ಚೂಪುಗಳನ್ನು ಹುಡುಕುತ್ತದೆ. ಬೋಳುಶಿಖರದ ಮೇಲೆ ನಿಂತ ಮನುಷ್ಯನೇ ಅಂತಹ ಚೂಪು. ತೆರೆದ ಕಲ್ಲುಮಂಟಪ ಮಳೆಗೆ ಮರೆಯಾದೀತೇ ಹೊರತು ಸಿಡಿಲಿಗೆ ಅಲ್ಲ. ಒಂಟಿ ಮರವಂತೂ ಇನ್ನೂ ಅಪಾಯ. ಹಿಂತಿರುಗಿ ಎಂದೆ. ಒಬ್ಬರ ಮುಖದಲ್ಲೂ ಗೆಲುವಿರಲಿಲ್ಲ. ಒಬ್ಬರಿಂದೊಬ್ಬರು ದೂರವಿರುತ್ತ ಬೇಗ ಬೇಗ ಇಳಿದು ದೇವಸ್ಥಾನದ ಬಳಿಯ ಮನೆಯೊಂದನ್ನು ಸೇರುವಷ್ಟರಲ್ಲಿ ತಣ್ಣನೆಯ ಗಾಳಿ ಬೀಸಿತು. ಅನಂತರ ಬೆಟ್ಟವೇ ಬಿರಿದಂತೆ ಗುಡುಗು! ಈಗ ಮಿಂಚಿಗೂ ಗುಡುಗಿಗೂ ನಡುವೆ ಎಣಿಸಲು ಕಾಲವೇ ಇರಲಿಲ್ಲ.

ಆ ಮನೆಯ ಹಿರಿಯರು ಬಿಸಿ ಕಾಫಿ ಕೊಟ್ಟು, “ಬೇಸಿಗೆಯಲ್ಲಿ ಪೀಠಕ್ಕೆ ಬೆಳಿಗ್ಗೆಯೇ ಹೋಗಿ ಬಂದುಬಿಡಬೇಕು. ಮಧ್ಯಾಹ್ನದ ಆಕಾಶವನ್ನು ನಂಬಬಾರದು” ಎಂದರು. ನಮ್ಮ ಪುಸ್ತಕಗಳು ಹೇಳುವುದೂ ಅದನ್ನೇ.

ರಾತ್ರಿ ಅಲ್ಲಿಯೇ ತಂಗಿ ಮರುದಿನ ಏಳು ಗಂಟೆಗೆ ಶಿಖರವನ್ನು ಮುಟ್ಟಿದೆವು. ಆ ಎತ್ತರದಲ್ಲಿ ವಾಯುವಿನ ಒತ್ತಡ ಸಮುದ್ರಮಟ್ಟದಲ್ಲಿರುವುದರ ಶೇಕಡ 85ರಷ್ಟು; ನೀರು ಸುಮಾರು 95.5 ಡಿಗ್ರಿ ಸೆಲ್ಸಿಯಸಿನಲ್ಲಿಯೇ ಕುದಿಯುತ್ತದೆ. ಭೂಮಿಯ ದುಂಡಗಿನ ಆಕಾರವನ್ನು ಗಣಿಸಿದರೆ ಅಲ್ಲಿಂದ ದಿಗಂತವು ಸುಮಾರು 130 ಕಿಲೊಮೀಟರು ದೂರದಲ್ಲಿರಬೇಕು. ಬೇಸಿಗೆಯಲ್ಲಿ ದೂಳೂ ನೀರಾವಿಯೂ ಸೇರಿದ ಮಬ್ಬು ನೋಟವನ್ನು ಬಹಳ ಮೊದಲೇ ತಡೆಯುತ್ತದೆ. ಆದರೆ ಹಿಂದಿನ ಸಂಜೆಯ ಮಳೆ ಆ ಮಬ್ಬನ್ನು ತೊಳೆದುಬಿಟ್ಟಿತ್ತು. ಪಶ್ಚಿಮದಲ್ಲಿ ಅರಬ್ಬಿ ಸಮುದ್ರದ ಅಂಚು ಬೆಳ್ಳಿಯ ಗೆರೆಯಂತೆ ಹೊಳೆಯಿತು. ಅದನ್ನು ಮೊದಲು ಕಂಡು ಕೂಗಿದವನು ಹಿಂದಿನ ದಿನ ತಲೆಸುತ್ತಿ ಕುಳಿತಿದ್ದ ಹುಡುಗನೇ.

ಈ ಬೇಸಿಗೆಯಲ್ಲಿ ಬೆಟ್ಟ ಏರಹೊರಟ ವಿದ್ಯಾರ್ಥಿಗಳು ಅರಣ್ಯ ಇಲಾಖೆಯ ಅನುಮತಿಯನ್ನು ಪಡೆದು ಬೆಳಕು ಹರಿಯುವಾಗಲೇ ಹೊರಡಲಿ. ಒಣಹುಲ್ಲಿನ ನಡುವೆ ಬೆಂಕಿ ಹೊತ್ತಿಸದಿರಲಿ. ಚೀಲ ಭಾರವಾದರೆ ಏನನ್ನು ಬೇಕಾದರೂ ತೆಗೆಯಿರಿ, ನೀರನ್ನು ಮಾತ್ರ ತೆಗೆಯಬೇಡಿ.