ಉಳುಕಿದ ಕಾಲಿಗೆ ಎಣ್ಣೆ ತಿಕ್ಕಿದರೆ ಸಾಕೇ?



ಮಹಿಳಾ ದಿನಾಚರಣೆ ಬಂತೆಂದರೆ ನಮ್ಮ ಒಕ್ಕೂಟಗಳಲ್ಲಿ ಆಟೋಟಗಳ ಸಂಭ್ರಮ. ಥ್ರೋಬಾಲ್, ಹಗ್ಗಜಗ್ಗಾಟ, ಓಟದ ಸ್ಪರ್ಧೆ. ವರ್ಷವಿಡೀ ಮನೆ, ಹೊಲ, ಕೂಲಿ ಎಂದು ದುಡಿಯುವ ನಮಗೆ ಅದೊಂದು ದಿನ ಮನಸ್ಸು ಬಿಚ್ಚಿ ನಗುವ ದಿನ. ಆದರೆ ಪ್ರತಿ ವರ್ಷವೂ ಒಬ್ಬರಲ್ಲ ಒಬ್ಬರು ಕಾಲು ಉಳುಕಿಸಿಕೊಂಡು ಮನೆಗೆ ಹೋಗುವುದನ್ನು ನಾವು ನೋಡುತ್ತಿದ್ದೇವೆ.

ಒಬ್ಬ ಸದಸ್ಯೆಯ ಕಥೆ ಕೇಳಿ. ಥ್ರೋಬಾಲ್ ಹಿಡಿಯಲು ಹಾರಿ ಇಳಿಯುವಾಗ ಪಾದ ಒಳಕ್ಕೆ ತಿರುಗಿತು. ಆ ಸಂಜೆಯೇ ಬಿಸಿ ಎಣ್ಣೆ ಹಾಕಿ ಚೆನ್ನಾಗಿ ತಿಕ್ಕಿಸಿದರು. ಬೆಳಗಾಗುವಷ್ಟರಲ್ಲಿ ಕಾಲು ಇಮ್ಮಡಿ ಊದಿತ್ತು. ಎರಡು ವಾರ ಕೂಲಿ ಇಲ್ಲ, ಸಂಘದ ಸಾಲದ ಕಂತೂ ಬಾಕಿ. ನೋವು ಕಡಿಮೆಯಾದ ಕೂಡಲೇ ಕೆಲಸಕ್ಕೆ ಹೊರಟರು. ಮೂರು ತಿಂಗಳಾದ ಮೇಲೆ ಹುಲ್ಲಿನ ಹೊರೆ ಹೊತ್ತು ಬದುವಿನ ಮೇಲೆ ಬರುವಾಗ ಅದೇ ಕಾಲು ಮತ್ತೆ ಉಳುಕಿತು. "ನೋವು ಹೋಗಿತ್ತು ಸಿಸ್ಟರ್, ಆದ್ರೆ ಆ ಕಾಲಿನ ಮೇಲೆ ನಂಬಿಕೆ ಬರ್ತಿರ್ಲಿಲ್ಲ. ನನ್ನ ಹಣೆಬರಹ" ಎಂದರು.

ಸಹೋದರಿಯರೇ, ಇದು ಹಣೆಬರಹ ಅಲ್ಲ. ಅರ್ಧಕ್ಕೇ ನಿಂತ ಚಿಕಿತ್ಸೆ.

ಉಳುಕು ಅಂದರೆ ಏನು?

ನಮ್ಮ ಕೀಲುಗಳಲ್ಲಿ ಎಲುಬಿಗೆ ಎಲುಬನ್ನು ಕಟ್ಟಿ ಹಿಡಿಯುವ ಗಟ್ಟಿ ನಾರಿನ ಪಟ್ಟಿಗಳಿವೆ. ಇವಕ್ಕೆ ಲಿಗಮೆಂಟ್ ಎನ್ನುತ್ತಾರೆ. ಪಾದ ಒಳಕ್ಕೆ ತಿರುಚಿದಾಗ ಹೊರಬದಿಯ ಪಟ್ಟಿ ಅತಿಯಾಗಿ ಎಳೆಯಲ್ಪಡುತ್ತದೆ, ಇಲ್ಲವೇ ಹರಿಯುತ್ತದೆ. ಇದೇ ಉಳುಕು. ಹರಿದ ಸೀರೆಗೆ ಹೊಲಿಗೆ ಹಾಕುವಾಗ ಯಾರಾದರೂ ಅದನ್ನು ಹಿಡಿದು ಎಳೆಯುತ್ತಾರೆಯೇ? ಗಾಯವಾದ ಕೂಡಲೇ ಬಿಸಿ ಮಾಡಿ ತಿಕ್ಕಿದರೆ ಒಳಗಿನ ರಕ್ತಸ್ರಾವ ಮತ್ತು ಊತ ಹೆಚ್ಚಾಗಬಹುದು.

ಮೊದಲ ಮೂರು ದಿನ ಏನು ಮಾಡಬೇಕು?

1. ಆಟ ಅಲ್ಲಿಗೇ ನಿಲ್ಲಿಸಿ. "ಇನ್ನೊಂದು ಪಾಯಿಂಟ್ ಅಷ್ಟೇ" ಎಂದು ಮುಂದುವರಿಸಬೇಡಿ.
2. ಐಸ್ ಅನ್ನು ಬಟ್ಟೆಯಲ್ಲಿ ಸುತ್ತಿ 10ರಿಂದ 15 ನಿಮಿಷ ಇಡಿ. ದಿನಕ್ಕೆ ಮೂರು ನಾಲ್ಕು ಸಲ ಸಾಕು. ಇದು ನೋವು ಕಡಿಮೆ ಮಾಡಲು. ಐಸ್ ಸಿಗದಿದ್ದರೆ ತಣ್ಣೀರಿನಲ್ಲಿ ಅದ್ದಿದ ಬಟ್ಟೆ ಆಗುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು ಐಸ್ ಇಡಬೇಡಿ, ವೈದ್ಯರಿಗೆ ತೋರಿಸಿ.
3. ಕ್ರೇಪ್ ಬ್ಯಾಂಡೇಜನ್ನು ಬೆರಳಿನ ಬುಡದಿಂದ ಮೇಲಕ್ಕೆ ಸುತ್ತಿ. ಬೆರಳು ತಣ್ಣಗಾದರೆ ಅಥವಾ ಜುಮ್ಮೆಂದರೆ ಸಡಿಲಿಸಿ.
4. ಮಲಗುವಾಗ ಕಾಲ ಕೆಳಗೆ ಎರಡು ದಿಂಬು ಇಡಿ.
5. ಬಿಸಿ ಶಾಖ, ಎಣ್ಣೆ ತಿಕ್ಕುವುದು, ಕಾಲು ಎಳೆದು "ಸರಿ ಕೂರಿಸುವುದು" ಬೇಡವೇ ಬೇಡ.

ಹಾಗೆಂದು ವಾರಗಟ್ಟಲೆ ಹಾಸಿಗೆ ಹಿಡಿಯುವುದೂ ತಪ್ಪು. ನೋವು ತಡೆಯುವಷ್ಟರ ಮಟ್ಟಿಗೆ ಬೇಗನೆ ನಡೆದಾಡಲು ಶುರು ಮಾಡಿದವರೇ ಬೇಗ ಸುಧಾರಿಸುತ್ತಾರೆ.

ಆಸ್ಪತ್ರೆಗೆ ಯಾವಾಗ?

ಕೆನಡಾ ದೇಶದ ಒಟ್ಟಾವಾ ನಗರದ ವೈದ್ಯರು 1992ರಲ್ಲಿ ಸರಳ ಪರೀಕ್ಷೆಯೊಂದನ್ನು ತಿಳಿಸಿದರು. ಇಂದಿಗೂ ವೈದ್ಯರು ಅದನ್ನು ಬಳಸುತ್ತಾರೆ. ಬಿದ್ದ ಕೂಡಲೇ ಮತ್ತು ಆಮೇಲೂ ನಾಲ್ಕು ಹೆಜ್ಜೆ ಇಡಲು ಆಗದಿದ್ದರೆ, ಅಥವಾ ಪಾದದ ಗಂಟಿನ ಎರಡೂ ಬದಿ ಉಬ್ಬಿರುವ ಎಲುಬಿನ ಹಿಂಭಾಗವನ್ನು ಒತ್ತಿದಾಗ ಎಲುಬೇ ನೋಯುತ್ತಿದ್ದರೆ, ಮೂಳೆ ಮುರಿದಿರಬಹುದು. ಎಕ್ಸ್‌ರೇ ಬೇಕು. ಪಾದದ ಹೊರ ಅಂಚಿನ ನಡುವೆ ಅಥವಾ ಒಳಬದಿಯ ಕಮಾನಿನ ಮೇಲೆ ಎಲುಬು ನೋಯುತ್ತಿದ್ದರೂ ಅಷ್ಟೇ. ಆಟವಾಡುವಾಗ ಮಂಡಿಯಲ್ಲಿ "ಟಪ್" ಎಂದು ಸದ್ದಾಗಿ ಕೆಲವೇ ಗಂಟೆಗಳಲ್ಲಿ ಊದಿಕೊಂಡರೂ ತಡ ಮಾಡಬೇಡಿ.

ನೋವು ಹೋದರೆ ವಾಸಿ ಆಯಿತೇ?

ಬಹಳ ಜನ ತಪ್ಪುವುದು ಇಲ್ಲೇ. ಕೀಲು ಯಾವ ಕಡೆ ವಾಲುತ್ತಿದೆ ಎಂದು ಮೆದುಳಿಗೆ ತಿಳಿಸುವ ನರಗಳು ಈ ಪಟ್ಟಿಗಳಲ್ಲಿವೆ. ಉಳುಕಿದಾಗ ಆ ಸುದ್ದಿ ಮುಟ್ಟಿಸುವ ಶಕ್ತಿಯೂ ಕುಂದುತ್ತದೆ. ಕೆಲಸವಿಲ್ಲದ ಮಾಂಸಖಂಡಗಳೂ ಸೊರಗುತ್ತವೆ. ಆದ್ದರಿಂದಲೇ ನೋವು ಹೋದರೂ ಆ ಸದಸ್ಯೆಗೆ ಕಾಲಿನ ಮೇಲೆ ನಂಬಿಕೆ ಬರಲಿಲ್ಲ. ಈ ಶಕ್ತಿ ಮಾತ್ರೆಯಿಂದ ಬರುವುದಿಲ್ಲ, ವ್ಯಾಯಾಮದಿಂದ ಬರುತ್ತದೆ. ಇದನ್ನು ಕಲಿಸುವವರೇ ಫಿಸಿಯೋಥೆರಪಿಸ್ಟರು. ಮೂಳೆ ಮುರಿದಿಲ್ಲ ಎಂದು ಖಚಿತವಾದ ಮೇಲೆ ಮನೆಯಲ್ಲೇ ಮಾಡಬಹುದಾದವು ಇವು:

ಮೊದಲ ಹಂತ (ಎರಡು ಮೂರನೇ ದಿನದಿಂದ): ಕುರ್ಚಿಯಲ್ಲಿ ಕುಳಿತು ಹೆಬ್ಬೆರಳಿನಿಂದ ಗಾಳಿಯಲ್ಲಿ ಅ, ಆ, ಇ, ಈ ಬರೆಯಿರಿ. ದಿನಕ್ಕೆ ಮೂರು ಸಲ.

ಎರಡನೇ ಹಂತ (ಊತ ಇಳಿದ ಮೇಲೆ): ಕಾಲು ಚಾಚಿ ಕುಳಿತು, ಟವೆಲನ್ನು ಅಂಗಾಲಿಗೆ ಹಾಕಿ ನಿಮ್ಮ ಕಡೆಗೆ ಎಳೆದು 20 ಸೆಕೆಂಡ್ ಹಿಡಿಯಿರಿ. ಮೂರು ಸಲ. ಆಮೇಲೆ ಗೋಡೆ ಹಿಡಿದು ನಿಂತು ಎರಡೂ ಹಿಮ್ಮಡಿ ಎತ್ತಿ ಇಳಿಸಿ. 10 ಸಲ.

ಮೂರನೇ ಹಂತ: ಗೋಡೆಯ ಪಕ್ಕ, ಉಳುಕಿದ ಕಾಲಿನ ಮೇಲೆ ಮಾತ್ರ 30 ಸೆಕೆಂಡ್ ನಿಲ್ಲಿ. ಸುಲಭವಾದ ಮೇಲೆ ಕಣ್ಣು ಮುಚ್ಚಿ ಪ್ರಯತ್ನಿಸಿ. ಮತ್ತೆ ಉಳುಕದಂತೆ ಕಾಯುವುದು ಮುಖ್ಯವಾಗಿ ಈ ಅಭ್ಯಾಸವೇ. ಅನ್ನ ಬೇಯುವಷ್ಟು ಹೊತ್ತಿನಲ್ಲಿ ಇದು ಮುಗಿಯುತ್ತದೆ.

ಸ್ವಲ್ಪ ನೋವು ಸಹಜ. ಆದರೆ ಮಾರನೇ ದಿನ ನೋವು, ಊತ ಹೆಚ್ಚಿದ್ದರೆ ಒಂದು ಹಂತ ಹಿಂದಕ್ಕೆ ಹೋಗಿ. ಸಣ್ಣ ಉಳುಕು ಒಂದೆರಡು ವಾರಕ್ಕೆ ಸರಿಹೋಗಬಹುದು. ಪಟ್ಟಿ ಹರಿದಿದ್ದರೆ ಆರು ವಾರ ಅಥವಾ ಅದಕ್ಕೂ ಹೆಚ್ಚು ಬೇಕು. ಆ ಒಂದೇ ಕಾಲಿನಲ್ಲಿ ನೋವಿಲ್ಲದೆ ಕುಂಟಲು ಆದಾಗ ಮಾತ್ರ ಆಟಕ್ಕೆ, ತಲೆಹೊರೆಗೆ ಮರಳಿ.

ಜಿಲ್ಲಾ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ವಿಭಾಗ ಎಲ್ಲಿದೆ ಎಂದು ಕೇಳಿ. "ದಿನಾ ಹೋಗೋಕೆ ಬಸ್ ಚಾರ್ಜ್ ಎಲ್ಲಿಂದ?" ಎಂದು ನೀವು ಕೇಳಬಹುದು. ದಿನಾ ಹೋಗಬೇಕೆಂದೇನಿಲ್ಲ. "ಮನೆಯಲ್ಲಿ ಮಾಡೋ ವ್ಯಾಯಾಮ ಹೇಳಿಕೊಡಿ, ಮತ್ತೆ ಯಾವಾಗ ಬರಬೇಕು?" ಎಂದು ಸಂಕೋಚವಿಲ್ಲದೆ ಕೇಳಿ.

ಉಳುಕುವ ಮುಂಚೆಯೇ ಎಚ್ಚರ

ಅಡುಗೆ ಮುಗಿಸಿ ಓಡಿಬಂದು ನೇರವಾಗಿ ಅಂಗಳಕ್ಕೆ ಇಳಿಯಬೇಡಿ. 10 ನಿಮಿಷ ಬಿರುಸು ನಡಿಗೆ, ನಿಧಾನ ಓಟ, ಅರ್ಧ ಕೂತು ಏಳುವುದು, ಒಂಟಿಕಾಲಿನಲ್ಲಿ ನಿಲ್ಲುವುದು ಮಾಡಿ. ಹಾರಿ ಇಳಿಯುವಾಗ ಮಂಡಿ ಬಾಗಿರಲಿ, ಒಳಕ್ಕೆ ವಾಲದಿರಲಿ. ಹವಾಯಿ ಚಪ್ಪಲಿ ಹಾಕಿ ಓಡಬೇಡಿ. ಹಗ್ಗಜಗ್ಗಾಟದಲ್ಲಿ ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ. ಆಟದ ಜಾಗದಲ್ಲಿ ಕಲ್ಲು, ಗುಂಡಿ ಇವೆಯೇ ಎಂದು ಮೊದಲೇ ನೋಡಿ.

ನಿಮ್ಮ ಹೆಣ್ಣುಮಕ್ಕಳಿಗೂ ಇದು ಬೇಕು. ಮಂಡಿಯೊಳಗಿನ ಮುಖ್ಯ ಲಿಗಮೆಂಟ್ ಹರಿಯುವ ಅಪಾಯ ಒಂದೇ ಆಟ ಆಡುವ ಹುಡುಗರಿಗಿಂತ ಹುಡುಗಿಯರಿಗೆ ಎರಡು ಮೂರು ಪಟ್ಟು ಹೆಚ್ಚು. ಹಾಗೆಂದು "ಕಬಡ್ಡಿ ಬಿಟ್ಟುಬಿಡು" ಎನ್ನಬೇಡಿ. ನಾರ್ವೆ ದೇಶದಲ್ಲಿ 2007ರಲ್ಲಿ 13ರಿಂದ 17 ವರ್ಷದ ಫುಟ್‌ಬಾಲ್ ಆಡುವ ಹುಡುಗಿಯರಿಗೆ ಆಟಕ್ಕೆ ಮುಂಚೆ 20 ನಿಮಿಷದ ಇಂಥದೇ ಅಭ್ಯಾಸ ಮಾಡಿಸಿದರು. ಅಭ್ಯಾಸ ಮಾಡದವರಿಗಿಂತ ಅವರಲ್ಲಿ ಒಟ್ಟು ಗಾಯಗಳು ಸುಮಾರು ಮೂರನೇ ಒಂದರಷ್ಟು ಕಡಿಮೆ ಇದ್ದವು. ನಿಮ್ಮ ಶಾಲೆಯ ದೈಹಿಕ ಶಿಕ್ಷಕರನ್ನು ಕೇಳಿ, "ಆಟಕ್ಕೆ ಮುಂಚೆ ಮಕ್ಕಳಿಗೆ ಏನು ಮಾಡಿಸ್ತೀರಿ?"

ಸಂಘದ ಸಭೆಯಲ್ಲಿ ಚರ್ಚಿಸಿ:

• ನಮ್ಮಲ್ಲಿ ಯಾರ ಕಾಲು ಒಂದಕ್ಕಿಂತ ಹೆಚ್ಚು ಸಲ ಉಳುಕಿದೆ? ಆಗ ಏನು ಮಾಡಿದೆವು?
• ಮುಂದಿನ ಕ್ರೀಡಾಕೂಟಕ್ಕೆ ಐಸ್, ಕ್ರೇಪ್ ಬ್ಯಾಂಡೇಜ್ ತರುವ ಜವಾಬ್ದಾರಿ ಯಾರದ್ದು?
• ಈಗಲೇ ಎದ್ದು ಒಂಟಿಕಾಲಿನಲ್ಲಿ 30 ಸೆಕೆಂಡ್ ನಿಂತು ನೋಡೋಣವೇ?

ಬಿದ್ದ ಸಹೋದರಿಗೆ "ರೆಸ್ಟ್ ತಗೋ" ಎಂದಷ್ಟೇ ಹೇಳಿ ಬರಬೇಡಿ. ವಾರಕ್ಕೊಮ್ಮೆ ಅವಳ ಮನೆಗೆ ಹೋಗಿ, "ವ್ಯಾಯಾಮ ಯಾವ ಹಂತಕ್ಕೆ ಬಂತು?" ಎಂದು ಕೇಳಿ. ಅವಳ ಕಾಲಿಗೆ ಮತ್ತೆ ನಂಬಿಕೆ ಬರುವವರೆಗೂ ಜೊತೆಗಿರೋಣ.